ಪಿಎಚ್‌ಪಿಯಲ್ಲಿ ನೇಮ್ಡ್ ಆರ್ಗ್ಯುಮೆಂಟ್ ಮತ್ತು ಅನ್‌ಪ್ಯಾಕಿಂಗ್

ಫಂಕ್ಷನ್‌ಗೆ ಮೌಲ್ಯಗಳನ್ನು ಸಾಲಿನ ಕ್ರಮಕ್ಕೆ ಬದಲಾಗಿ ಪ್ಯಾರಾಮೀಟರ್‌ಗಳ ಹೆಸರು ಹೇಳಿ ಒಪ್ಪಿಸುವುದು ನೇಮ್ಡ್ ಆರ್ಗ್ಯುಮೆಂಟ್. ಅರೇಯಲ್ಲಿ ಕೂಡಿಟ್ಟ ಮೌಲ್ಯಗಳನ್ನು ಮೂರು ಚುಕ್ಕಿಯ ಗುರುತು ಹಾಕಿ ಬಿಡಿಬಿಡಿಯಾಗಿ ಒಪ್ಪಿಸುವುದು ಆರ್ಗ್ಯುಮೆಂಟ್ ಅನ್‌ಪ್ಯಾಕಿಂಗ್. ಒಂದೇ ಕರೆಯಲ್ಲಿ ಎರಡೂ ಸೇರಿದಾಗ ಯಾವ ಮೌಲ್ಯ ಯಾವ ಪ್ಯಾರಾಮೀಟರ್‌ಗೆ ಎಂಬುದನ್ನು ಭಾಷೆ ಖಚಿತವಾಗಿ ತೀರ್ಮಾನಿಸಬೇಕಾಗುತ್ತದೆ.

ಇತಿಹಾಸ

ಅನ್‌ಪ್ಯಾಕಿಂಗ್ ಬಂದದ್ದು 2014ರ 5.6ನೇ ಆವೃತ್ತಿಯಲ್ಲಿ. ಆಗ ಅರೇಯ ಕೀಗಳು ಅಂಕಿಗಳಾಗಿರಬೇಕಿತ್ತು. ಸ್ಟ್ರಿಂಗ್ ಕೀ ಸಿಕ್ಕರೆ ದೋಷ. ನೇಮ್ಡ್ ಆರ್ಗ್ಯುಮೆಂಟ್‌ನ ಪ್ರಸ್ತಾವವನ್ನು ನಿಕಿತಾ ಪೊಪೊವ್ 2013ರಲ್ಲೇ ಮುಂದಿಟ್ಟಿದ್ದರೂ ಅದು ಜಾರಿಗೆ ಬಂದದ್ದು 2020ರ ನವೆಂಬರ್‌ನ 8.0ರಲ್ಲಿ. ಅಂದಿನಿಂದ ಸ್ಟ್ರಿಂಗ್ ಕೀಗಳೇ ಪ್ಯಾರಾಮೀಟರ್ ಹೆಸರುಗಳಾದವು. ಬಿಡಿಸಿದ ಅರೇಯ ನಂತರ ಹೆಸರಿನ ಆರ್ಗ್ಯುಮೆಂಟನ್ನು ನೇರವಾಗಿ ಬರೆಯಲು 8.1 ಅವಕಾಶ ಕೊಟ್ಟಿತು.

ನಿಯಮಗಳು

'ಅರೇ ಫಿಲ್' ಫಂಕ್ಷನ್ ಒಳ್ಳೆಯ ಉದಾಹರಣೆ. ಆರಂಭದ ಸೂಚ್ಯಂಕ, ಎಣಿಕೆ, ಮೌಲ್ಯ ಎಂಬ ಮೂರನ್ನು ಅದು ಕೇಳುತ್ತದೆ. ಬರಿದೇ 0, 100, 50 ಎಂದು ಬರೆದರೆ 100 ಯಾವುದು, 50 ಯಾವುದು ಎಂದು ಓದುವವರು ತಡವರಿಸುತ್ತಾರೆ. 0 ಮತ್ತು 100 ಇರುವ ಅರೇಯನ್ನು ಬಿಡಿಸಿ, 'ವ್ಯಾಲ್ಯೂ' ಎಂಬ ಹೆಸರಿನಡಿ 50 ಕೊಟ್ಟರೆ ಕರೆ ಸರಿಯಾಗಿ ನಡೆಯುತ್ತದೆ.

ಅದೇ ಅರೇಯಲ್ಲಿ ಮೂರನೆಯ ಮೌಲ್ಯವೂ ಇದ್ದರೆ? ಆಗ 'ವ್ಯಾಲ್ಯೂ'ಗೆ ಇಬ್ಬರು ವಾರಸುದಾರರು. ಪಿಎಚ್‌ಪಿ ಕೊನೆಯದನ್ನು ಸದ್ದಿಲ್ಲದೆ ಆರಿಸಿಕೊಳ್ಳದೆ ದೋಷ ಎಸೆಯುತ್ತದೆ. ಆದ್ದರಿಂದ ಪೂರ್ವನಿಗದಿತ ಆಯ್ಕೆಗಳ ಅರೇಯನ್ನು ಬಿಡಿಸಿ, ಪಕ್ಕದಲ್ಲೇ ಒಂದನ್ನು ಹೆಸರಿಟ್ಟು ತಿದ್ದುವ ಉಪಾಯ ಇಲ್ಲಿ ನಡೆಯದು. ಅರೇಗಳನ್ನು ಮೊದಲೇ 'ಅರೇ ಮರ್ಜ್'ನಿಂದ ಕೂಡಿಸಿಕೊಳ್ಳಬೇಕು. ಹೆಸರಿನ ಆರ್ಗ್ಯುಮೆಂಟ್ ಮೊದಲು, ಮೂರು ಚುಕ್ಕಿ ಆಮೇಲೆ ಎಂಬ ಕ್ರಮಕ್ಕೂ ಒಪ್ಪಿಗೆಯಿಲ್ಲ. ಅರೇಯೊಳಗೂ ಅಂಕಿ ಕೀಗಳು ಸ್ಟ್ರಿಂಗ್ ಕೀಗಳಿಗಿಂತ ಮುಂದಿರಬೇಕು. ಗುರುತಿಲ್ಲದ ಹೆಸರುಗಳನ್ನು, ಎಷ್ಟು ಮೌಲ್ಯಗಳನ್ನಾದರೂ ಸ್ವೀಕರಿಸುವ ವೇರಿಯಾಡಿಕ್ ಪ್ಯಾರಾಮೀಟರ್ ಇದ್ದರೆ ಅದು ಕೀ ಸಮೇತ ಸಂಗ್ರಹಿಸಿಕೊಳ್ಳುತ್ತದೆ, ಇಲ್ಲದಿದ್ದರೆ ದೋಷ.

ಹಳೆಯ ಕೋಡ್‌ಗೆ ಹೆಚ್ಚು ಪೆಟ್ಟು ಬಿದ್ದದ್ದು ಬಹುಶಃ, ಅರೇಯಲ್ಲಿನ ಮೌಲ್ಯಗಳನ್ನು ಒಪ್ಪಿಸಿ ಇನ್ನೊಂದು ಫಂಕ್ಷನ್ ಅನ್ನು ಕರೆಯುವ 'ಕಾಲ್ ಯೂಸರ್ ಫಂಕ್ ಅರೇ'ಯಲ್ಲಿ. 8.0ಕ್ಕೆ ಮೊದಲು ಅದು ಕೀಗಳನ್ನು ಲೆಕ್ಕಕ್ಕೇ ತೆಗೆದುಕೊಳ್ಳುತ್ತಿರಲಿಲ್ಲ. ಈಗ ಸ್ಟ್ರಿಂಗ್ ಕೀಗಳನ್ನು ಹೆಸರುಗಳೆಂದು ಓದುತ್ತದೆ. ಹಳೆಯ ವರ್ತನೆ ಬೇಕಿದ್ದರೆ ಅರೇಯನ್ನು 'ಅರೇ ವ್ಯಾಲ್ಯೂಸ್' ಮೂಲಕ ಹಾಯಿಸಬೇಕು.

ಇತರ ಭಾಷೆಗಳು

ಪೈಥಾನ್‌ನಲ್ಲಿ ಒಂದು ಮತ್ತು ಎರಡು ನಕ್ಷತ್ರಗಳ ಕರೆ 2000ದ 2.0ರಿಂದಲೂ ಇದೆ. ಒಂಟಿ ನಕ್ಷತ್ರಕ್ಕೆ ಮೊದಲು ಹೆಸರಿನ ಆರ್ಗ್ಯುಮೆಂಟ್ ಬರೆಯಲು ಅದು ಬಿಡುತ್ತದೆ; ಒಂದೇ ಪ್ಯಾರಾಮೀಟರ್‌ಗೆ ಎರಡು ಮೌಲ್ಯ ಬಂದರೆ ಅಲ್ಲಿಯೂ ದೋಷವೇ.

ಪರಿಣಾಮ

ಉಪವರ್ಗವೊಂದು ಮೆಥಡ್‌ನ ಪ್ಯಾರಾಮೀಟರ್ ಹೆಸರನ್ನು ಬದಲಿಸಿದರೆ ಪಿಎಚ್‌ಪಿ ತಡೆಯುವುದಿಲ್ಲ. ಹಳೆಯ ಹೆಸರಿನಿಂದ ಕರೆದಾಗಲಷ್ಟೇ ದೋಷ ಹೊರಬೀಳುತ್ತದೆ. ಹೀಗಾಗಿ ಲೈಬ್ರರಿ ಬರೆಯುವವರು ಸಾರ್ವಜನಿಕ ಮೆಥಡ್‌ಗಳ ಪ್ಯಾರಾಮೀಟರ್ ಹೆಸರುಗಳನ್ನು ಪ್ರಮುಖ ಆವೃತ್ತಿಯ ಬಿಡುಗಡೆಯಲ್ಲಿ ಮಾತ್ರ ಬದಲಿಸುವುದು ಕ್ಷೇಮ.