ಆತಂಕದ ಕಾಯಿಲೆಗೆ ನೀಡುವ ಔಷಧಿಗಳು ಮತ್ತು ಅವು ಕೆಲಸ ಮಾಡುವ ಬಗೆ

ಪರೀಕ್ಷೆ, ಸಾಲ, ಮನೆಯವರ ಅನಾರೋಗ್ಯ ಮುಂತಾದ ಸಂದರ್ಭಗಳಲ್ಲಿ ಆತಂಕವಾಗುವುದು ಸಹಜ. ಆದರೆ ಸಕಾರಣವಿಲ್ಲದೆ ಭಯ, ಎದೆಬಡಿತ, ಕೈನಡುಕ ಹಾಗೂ ನಿದ್ರಾಹೀನತೆ ಬಹುಕಾಲ ಮುಂದುವರಿದು ದೈನಂದಿನ ಕೆಲಸಗಳಿಗೆ ಅಡ್ಡಿಯಾದಲ್ಲಿ ಅದು ಚಿಕಿತ್ಸೆ ಅಗತ್ಯವಿರುವ ಕಾಯಿಲೆಯಾಗಿರಬಹುದು. ಥೈರಾಯ್ಡ್ ತೊಂದರೆಯಲ್ಲಿಯೂ ಇಂತಹ ಲಕ್ಷಣಗಳು ಕಂಡುಬರುವುದರಿಂದ ಮೊದಲು ವೈದ್ಯರಿಂದ ತಪಾಸಣೆ ಮಾಡಿಸಿಕೊಳ್ಳುವುದು ಅವಶ್ಯಕ. ಚಿಕಿತ್ಸೆಯನ್ನು ಆಪ್ತಸಮಾಲೋಚನೆ, ಔಷಧಿ ಅಥವಾ ಇವೆರಡರ ಮೂಲಕ ನೀಡಲಾಗುತ್ತದೆ.

ಔಷಧಿಗಳ ಮುಖ್ಯ ವಿಧಗಳು

1. ಎಸ್.ಎಸ್.ಆರ್.ಐ. ಗುಂಪಿನ ಔಷಧಿಗಳು (ಎಸ್ಸಿಟಾಲೊಪ್ರಾಮ್, ಸರ್ಟ್ರಲಿನ್ ಇತ್ಯಾದಿ): ಮಿದುಳಿನ ನರಕೋಶಗಳ ನಡುವೆ ಸಂದೇಶ ಒಯ್ಯುವ ಸೆರೊಟೋನಿನ್ ಎಂಬ ರಾಸಾಯನಿಕವನ್ನು ನರಕೋಶಗಳು ಮರಳಿ ಹೀರಿಕೊಳ್ಳುವುದನ್ನು ಇವು ತಡೆಯುತ್ತವೆ. ಪರಿಣಾಮ ಕಂಡುಬರಲು ಸಾಮಾನ್ಯವಾಗಿ 2ರಿಂದ 6 ವಾರಗಳು ಬೇಕು. ಆರಂಭದ ದಿನಗಳಲ್ಲಿ ವಾಕರಿಕೆ, ತಲೆನೋವು ಅಥವಾ ಚಡಪಡಿಕೆ ಉಂಟಾಗಬಹುದು. ಇವುಗಳಿಗೆ ಚಟ ಹಿಡಿಸುವ ಗುಣವಿಲ್ಲ.

2. ಬೆಂಜೊಡಯಾಜೆಪಿನ್ ಗುಂಪಿನ ಔಷಧಿಗಳು (ಅಲ್‌ಪ್ರಜೋಲಾಮ್, ಡಯಾಜೆಪಾಮ್ ಇತ್ಯಾದಿ): ನರಗಳ ಉದ್ವೇಗವನ್ನು ತಗ್ಗಿಸುವ ಗಾಬಾ ಎಂಬ ರಾಸಾಯನಿಕದ ಪ್ರಭಾವವನ್ನು ಇವು ಹೆಚ್ಚಿಸುತ್ತವೆ. ಗಂಟೆಯೊಳಗೆ ಶಮನ ದೊರೆಯಬಹುದಾದರೂ ಕೆಲವೇ ವಾರಗಳ ನಿರಂತರ ಬಳಕೆಯಿಂದ ದೇಹವು ಇವುಗಳಿಗೆ ಒಗ್ಗಿಹೋಗಬಹುದು. ಆದ್ದರಿಂದ ಇವನ್ನು ಅಲ್ಪಾವಧಿಗೆ ಮಾತ್ರ ನೀಡಲಾಗುತ್ತದೆ.

3. ಪ್ರೊಪ್ರನೊಲಾಲ್: ಇದು ಅಡ್ರಿನಲಿನ್ ಪ್ರಭಾವವನ್ನು ತಡೆದು ಎದೆಬಡಿತ ಹಾಗೂ ಕೈನಡುಕವನ್ನು ಕಡಿಮೆ ಮಾಡುತ್ತದೆ. ಆಸ್ತಮಾ ಇರುವವರು ಇದನ್ನು ಸೇವಿಸಕೂಡದು.

ಸಾರ್ವಜನಿಕರು ಗಮನಿಸಬೇಕಾದ ಅಂಶಗಳು

• ಗುಣ ಕಂಡಿತೆಂದು ಮಾತ್ರೆಯನ್ನು ಏಕಾಏಕಿ ನಿಲ್ಲಿಸಬಾರದು. ಬೆಂಜೊಡಯಾಜೆಪಿನ್ ಮಾತ್ರೆಗಳನ್ನು ಹಠಾತ್ತನೆ ನಿಲ್ಲಿಸಿದಲ್ಲಿ ಫಿಟ್ಸ್ ಸಹ ಬರಬಹುದು. ವೈದ್ಯರ ಸಲಹೆಯಂತೆ ಪ್ರಮಾಣವನ್ನು ಹಂತಹಂತವಾಗಿ ತಗ್ಗಿಸತಕ್ಕದ್ದು.
• ಬೆಂಜೊಡಯಾಜೆಪಿನ್ ಮಾತ್ರೆಗಳೊಂದಿಗೆ ಮದ್ಯಪಾನ ಮಾಡಿದಲ್ಲಿ ಉಸಿರಾಟ ಕುಂಠಿತಗೊಂಡು ಪ್ರಾಣಾಪಾಯವಾಗಬಹುದು. ಮಂಪರು ಬರುವುದರಿಂದ ವಾಹನ ಚಲಾಯಿಸಬಾರದು.
• ಅಲ್‌ಪ್ರಜೋಲಾಮ್ ಮತ್ತು ಡಯಾಜೆಪಾಮ್ ಔಷಧಿಗಳು ಎಚ್-1 ಅನುಸೂಚಿಗೆ ಸೇರಿದ್ದು, ಇವುಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರುವಂತಿಲ್ಲ. ಇನ್ನೊಬ್ಬರಿಗೆ ಬರೆದುಕೊಟ್ಟ ಮಾತ್ರೆಯನ್ನು ಸೇವಿಸಬಾರದು.
• ಗರ್ಭಿಣಿಯರು, ಹಾಲುಣಿಸುವ ತಾಯಂದಿರು ಹಾಗೂ ಇತರೆ ಔಷಧಿ ಸೇವಿಸುತ್ತಿರುವವರು ಆ ವಿಷಯವನ್ನು ಮುಂಚಿತವಾಗಿ ವೈದ್ಯರಿಗೆ ತಿಳಿಸತಕ್ಕದ್ದು.
• ಚಿಕಿತ್ಸೆಯ ಅವಧಿಯಲ್ಲಿ, ವಿಶೇಷವಾಗಿ ಯುವಜನರಲ್ಲಿ, ಆತ್ಮಹತ್ಯೆಯ ಆಲೋಚನೆ ಕಂಡುಬಂದಲ್ಲಿ ಕೂಡಲೇ ವೈದ್ಯರನ್ನು ಸಂಪರ್ಕಿಸುವುದು.

ಸೇವೆ ಪಡೆಯುವ ಬಗೆ

ಜಿಲ್ಲಾ ಆಸ್ಪತ್ರೆಯ ಮನೋವೈದ್ಯ ವಿಭಾಗದಲ್ಲಿ ಹೊರರೋಗಿಯಾಗಿ ನೋಂದಾಯಿಸಿಕೊಂಡು ತಪಾಸಣೆಗೆ ಒಳಗಾಗಬಹುದು. ಬರುವಾಗ ಹಿಂದಿನ ಚಿಕಿತ್ಸಾ ಚೀಟಿಗಳನ್ನು ಹಾಗೂ ಸೇವಿಸುತ್ತಿರುವ ಮಾತ್ರೆಗಳನ್ನು ತರುವುದು. 2022ರ ಅಕ್ಟೋಬರ್‌ನಲ್ಲಿ ಆರಂಭವಾದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ದಿನದ 24 ಗಂಟೆಯೂ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲಿಯೇ ಸಲಹೆ ಪಡೆಯಬಹುದು. ಮಾನಸಿಕ ಆರೋಗ್ಯ ಆರೈಕೆ ಅಧಿನಿಯಮ, 2017ರ ಪ್ರಕಾರ ಚಿಕಿತ್ಸೆಯ ವಿವರಗಳನ್ನು ಗೌಪ್ಯವಾಗಿಡುವುದು ರೋಗಿಯ ಹಕ್ಕಾಗಿರುತ್ತದೆ. ಆದುದರಿಂದ ಸಾರ್ವಜನಿಕರು ಸಂಕೋಚಪಡದೆ ಈ ಸೇವೆಗಳ ಸದುಪಯೋಗ ಪಡೆದುಕೊಳ್ಳಲು ಕೋರಲಾಗಿದೆ.