ಜೋಡಿ ಎಂಜಿನ್ನಿನ ದನಿ: ಸಿಮ್ಯುಲೇಟರ್‌ನ ಯುದ್ಧವಿಮಾನ ಎಷ್ಟು ನಿಜ?

ಕಂಪ್ಯೂಟರ್ ಪರದೆಯ ಮೇಲೆ ಯುದ್ಧವಿಮಾನ ಹಾರಿಸುವ ಹವ್ಯಾಸ ಹಲವು ದಶಕಗಳಷ್ಟು ಹಳೆಯದು. 2000ದ ಮೈಕ್ರೋಸಾಫ್ಟ್ ಕಾಂಬ್ಯಾಟ್ ಫ್ಲೈಟ್ ಸಿಮ್ಯುಲೇಟರ್ 2, 2001ರ ಐಎಲ್-2 ಸ್ಟುರ್ಮೊವಿಕ್, ಈಗಿನ ಡಿಸಿಎಸ್ ವರ್ಲ್ಡ್ ಹೀಗೆ ತಲೆಮಾರಿನಿಂದ ತಲೆಮಾರಿಗೆ ಚಿತ್ರ ಚೆಲುವಾಗುತ್ತಲೇ ಬಂದಿದೆ. ಆದರೆ ಎರಡು ಎಂಜಿನ್ನಿನ ವಿಮಾನದ ವಿಷಯ ಬಂದಾಗ ಕಣ್ಣು ತುಂಬಿದರೆ ಸಾಲದು. ಸಿಮ್ಯುಲೇಟರ್ ಎರಡು ಎಂಜಿನ್‌ಗಳನ್ನು ಬೇರೆ ಬೇರೆಯಾಗಿ ಲೆಕ್ಕ ಹಾಕುತ್ತಿದೆಯೇ, ಇಲ್ಲಾ ಒಂದನ್ನೇ ಎರಡು ರೆಕ್ಕೆಗೂ ಅಂಟಿಸಿದೆಯೇ ಎಂಬುದು ಮುಖ್ಯ. ಅದನ್ನು ಮೊದಲು ಪತ್ತೆ ಹಚ್ಚುವುದು ಕಿವಿ, ಆಮೇಲೆ ಕಾಲು. ಎರಡನೇ ಮಹಾಯುದ್ಧದ ಇಬ್ಬರು ಹೆಸರಾಂತರು, ಅಮೆರಿಕದ ಲಾಕ್‌ಹೀಡ್ ಪಿ-38 ಲೈಟ್ನಿಂಗ್ ಮತ್ತು ಬ್ರಿಟನ್ನಿನ ಡಿ ಹ್ಯಾವಿಲೆಂಡ್ ಮೊಸ್ಕಿಟೊ, ಇದನ್ನು ಅರಿಯಲು ತಕ್ಕ ಉದಾಹರಣೆಗಳು.

ಸದ್ದು ಹುಟ್ಟುವ ಬಗೆ

ಹಾಲ್ ಹಿಬ್ಬಾರ್ಡ್ ಮತ್ತು ಕೆಲ್ಲಿ ಜಾನ್ಸನ್ ರೂಪಿಸಿದ ಲೈಟ್ನಿಂಗ್‌ನ ಮೂಲಮಾದರಿ ಮೊದಲು ಹಾರಿದ್ದು 1939ರ ಜನವರಿ 27ರಂದು. ಅದರ ಎರಡೂ ಎಂಜಿನ್ ಆಲಿಸನ್ ವಿ-1710. ಒಂದೊಂದಕ್ಕೂ 12 ಸಿಲಿಂಡರ್, ಸುಮಾರು 28 ಲೀಟರ್ ಗಾತ್ರ. ನಾಲ್ಕು ಸ್ಟ್ರೋಕ್‌ನ ಎಂಜಿನ್ ಆದ್ದರಿಂದ ಎರಡು ಸುತ್ತಿಗೆ 12 ಸಿಲಿಂಡರ್‌ಗಳೂ ಒಂದೊಂದು ಸಲ ಸಿಡಿಯುತ್ತವೆ. ನಿಮಿಷಕ್ಕೆ 3000 ಸುತ್ತು ತಿರುಗುವಾಗ ಸೆಕೆಂಡಿಗೆ 300 ಸಿಡಿತ. ಗೇರು ಪ್ರೊಪೆಲ್ಲರ್‌ನ ವೇಗವನ್ನು ಅರ್ಧಕ್ಕೆ ಇಳಿಸುತ್ತದೆ. ಮೂರು ಅಲಗಿನ ಪ್ರೊಪೆಲ್ಲರ್ ಸೆಕೆಂಡಿಗೆ 25 ಸುತ್ತು ಹಾಕಿದಾಗ ಗಾಳಿಗೆ 75 ಹೊಡೆತ ಬೀಳುತ್ತದೆ. ಮೇಲಿನ ಗೊರಗೊರ ಎಂಜಿನ್ನಿನದು, ತಳದ ಗುಂಯ್‌ಗುಡುವಿಕೆ ಪ್ರೊಪೆಲ್ಲರಿನದು. ಒಳ್ಳೆಯ ಸಿಮ್ಯುಲೇಟರ್ ಈ ಎರಡನ್ನೂ ಪ್ರತ್ಯೇಕ ಪದರಗಳಾಗಿ ನುಡಿಸುತ್ತದೆ.

ಮೂರನೆಯ ಪದರವೂ ಇದೆ. ಆ ಪ್ರೊಪೆಲ್ಲರ್‌ನ ವ್ಯಾಸ ಸುಮಾರು 3.5 ಮೀಟರ್, ತುದಿಯ ವೇಗ ಸೆಕೆಂಡಿಗೆ 275 ಮೀಟರ್ ಮುಟ್ಟುತ್ತದೆ. ವಿಮಾನದ ಮುನ್ನಡೆಯ ವೇಗವೂ ಕೂಡಿದಾಗ ಅಲಗಿನ ತುದಿ ಶಬ್ದದ ವೇಗವನ್ನು ಸಮೀಪಿಸಿ ಬಟ್ಟೆ ಹರಿದಂಥ ಒರಟು ಸದ್ದು ಏಳುತ್ತದೆ.

ಶ್ರುತಿ ಸೇರದ ಎರಡು ತಂತಿ

ತಂಬೂರಿಯ ಎರಡು ತಂತಿಗಳನ್ನು ಒಂದೇ ಷಡ್ಜಕ್ಕೆ ತರುವಾಗ, ಕೂದಲೆಳೆಯಷ್ಟು ವ್ಯತ್ಯಾಸ ಉಳಿದಿದ್ದರೂ ನಾದ ಅಲೆಅಲೆಯಾಗಿ ಏರಿಳಿಯುತ್ತದೆ. ಶ್ರುತಿ ಸೇರುತ್ತ ಬಂದಂತೆ ಅಲೆ ನಿಧಾನವಾಗಿ ಕೊನೆಗೆ ನಿಲ್ಲುತ್ತದೆ. ಜೋಡಿ ಎಂಜಿನ್ನಿನ ವಿಮಾನದೊಳಗೆ ಕೇಳುವುದೂ ಇದೇ. ಎಡ ಎಂಜಿನ್ 2300 ಸುತ್ತಿನಲ್ಲೂ ಬಲದ್ದು 2290ರಲ್ಲೂ ಇದ್ದರೆ, ಪ್ರೊಪೆಲ್ಲರ್‌ಗಳ ನಾದ ನಾಲ್ಕು ಸೆಕೆಂಡಿಗೊಮ್ಮೆ ಉಬ್ಬಿ ಇಳಿಯುತ್ತದೆ. ಸಿಡಿತದ ಸದ್ದು ಸೆಕೆಂಡಿಗೊಮ್ಮೆ ಮಿಡಿಯುತ್ತದೆ. ಮುಳ್ಳು ನೋಡಿ ಹತ್ತು ಸುತ್ತಿನ ವ್ಯತ್ಯಾಸ ಗುರುತಿಸುವುದು ಕಷ್ಟ. ಅದಕ್ಕೇ ಪೈಲಟ್‌ಗಳು ಪ್ರೊಪೆಲ್ಲರ್ ಸನ್ನೆಯನ್ನು ಎಳ್ಳಷ್ಟೇ ಜರುಗಿಸುತ್ತ ಮಿಡಿತ ನಿಲ್ಲುವವರೆಗೆ ಕಿವಿಯಿಂದಲೇ ಶ್ರುತಿ ಸೇರಿಸುತ್ತಿದ್ದರು.

ಸಿಮ್ಯುಲೇಟರ್‌ಗಳು ಬಹಳ ಕಾಲ ಎಡವಿದ್ದು ಇಲ್ಲಿಯೇ. ಒಂದೇ ಧ್ವನಿಮುದ್ರಿಕೆಯನ್ನು ಎಡ-ಬಲ ಸ್ಪೀಕರ್‌ಗಳಿಗೆ ಹಂಚಿದರೆ ಮಿಡಿತ ಹುಟ್ಟಲು ಎಡೆಯೇ ಇಲ್ಲ. ಇನ್ನೂ ಕೆಟ್ಟದ್ದೆಂದರೆ, ಮುದ್ರಿಸುವಾಗ ಇದ್ದ ಮಿಡಿತ ಅದರಲ್ಲೇ ಉಳಿದು, ಒಂದು ಎಂಜಿನ್ ಆರಿಸಿದ ಮೇಲೂ ಎರಡು ಎಂಜಿನ್ನಿನ ಅಲೆ ಕೇಳುತ್ತಿರುತ್ತದೆ. ನನ್ನ ಮಟ್ಟಿಗೆ ಇದು ಕ್ಷಮಿಸಲಾಗದ ತಪ್ಪು.

ಥ್ರಾಟಲ್ ಒತ್ತಿದರೆ ಶ್ರುತಿ ಏರುವುದಿಲ್ಲ

ಬೈಕಿನ ಆಕ್ಸಿಲರೇಟರ್ ತಿರುವಿದರೆ ಸದ್ದು ಕೀರಲಾಗುತ್ತದೆ. ಅದೇ ಅಭ್ಯಾಸದಲ್ಲಿ ಅನೇಕ ಆಟಗಳು ವಿಮಾನದ ಸದ್ದನ್ನೂ ಕ್ಯಾಸೆಟ್ ಜೋರಾಗಿ ಓಡಿಸಿದಂತೆ ಏರಿಸಿಬಿಡುತ್ತವೆ. ಈ ವಿಮಾನಗಳಲ್ಲಿ ಪ್ರೊಪೆಲ್ಲರ್‌ನ ವೇಗ ಕಾಯುವ ಗವರ್ನರ್ ಇದೆ. ಥ್ರಾಟಲ್ ಒತ್ತಿದಾಗ ಎಂಜಿನ್ನಿಗೆ ಹೋಗುವ ಗಾಳಿಯ ಒತ್ತಡ ಹೆಚ್ಚುತ್ತದೆ, ಅಲಗುಗಳು ಹೊರಳಿ ಹೆಚ್ಚು ಗಾಳಿಯನ್ನು ಕಚ್ಚುತ್ತವೆ, ಸುತ್ತು ಇದ್ದಲ್ಲೇ ಇರುತ್ತದೆ. ದನಿ ದಪ್ಪವಾಗಬೇಕು, ಒರಟಾಗಬೇಕು, ಶ್ರುತಿ ಕದಲಬಾರದು.

1944ರಲ್ಲಿ ಹೆಸರಾಂತ ವೈಮಾನಿಕ ಚಾರ್ಲ್ಸ್ ಲಿಂಡ್‌ಬರ್ಗ್ ನ್ಯೂಗಿನಿಯ ಲೈಟ್ನಿಂಗ್ ಪೈಲಟ್‌ಗಳಿಗೆ ಇಂಧನ ಉಳಿಸುವ ವಿದ್ಯೆ ಕಲಿಸಿದರು: ಸುತ್ತನ್ನು 1600ಕ್ಕೆ ಇಳಿಸಿ, ಗಾಳಿಯ ಒತ್ತಡವನ್ನು ಏರಿಸಿ ಇಟ್ಟುಕೊಳ್ಳುವುದು. ಆಗ ಪ್ರೊಪೆಲ್ಲರ್‌ನ ನಾದ ಸೆಕೆಂಡಿಗೆ 40 ಕಂಪನಕ್ಕೆ ಇಳಿಯುತ್ತದೆ.

ಲೈಟ್ನಿಂಗ್‌ನ ಮೆತ್ತನೆಯ ದನಿ

ಅದೇ ಯುದ್ಧದ ವಿಮಾನಗಳಾದ ಮಸ್ಟಾಂಗ್, ಸ್ಪಿಟ್‌ಫೈರ್‌ಗಳ ಹೊಗೆ ಗಿಡ್ಡ ಕೊಳವೆಗಳಿಂದ ನೇರ ಗಾಳಿಗೆ ಚಿಮ್ಮುತ್ತದೆ. ಅದರಿಂದಲೇ ಆ ಪಟಪಟ ಸಿಡಿತ. ಲೈಟ್ನಿಂಗ್‌ನಲ್ಲಿ ಹೊಗೆ ಹಿಂದಕ್ಕೆ ಹರಿದು ಬಾಲದ ತೊಲೆಗಳ ಮೇಲಿರುವ ಟರ್ಬೊದ ಚಕ್ರವನ್ನು ತಿರುಗಿಸಿ ಆಮೇಲೆ ಹೊರಬೀಳುತ್ತದೆ. ಟರ್ಬೊ ಸೈಲೆನ್ಸರ್‌ನ ಕೆಲಸವನ್ನೂ ಮಾಡುತ್ತದೆ. ಹೀಗಾಗಿ 12 ಸಿಲಿಂಡರ್‌ಗಳ ಎರಡು ಎಂಜಿನ್ ಹೊತ್ತರೂ ಲೈಟ್ನಿಂಗ್ ತನ್ನ ಕಾಲದ ಮೆಲುದನಿಯ ವಿಮಾನಗಳಲ್ಲಿ ಒಂದು. ಅದಕ್ಕೆ ಮಸ್ಟಾಂಗ್‌ನ ಅಬ್ಬರ ತೊಡಿಸಿದ ಸಿಮ್ಯುಲೇಟರ್ ಎಷ್ಟೇ ರೋಮಾಂಚನ ಕೊಟ್ಟರೂ ಸುಳ್ಳೇ.

ಮುದ್ರಿಸಲು ವಿಮಾನವೇ ಇಲ್ಲದಿದ್ದಾಗ

1996ರ ಜುಲೈ 21ರಂದು ಇಂಗ್ಲೆಂಡಿನ ಬಾರ್ಟನ್‌ನಲ್ಲಿ ಪ್ರದರ್ಶನ ನೀಡುತ್ತಿದ್ದ ಮೊಸ್ಕಿಟೊ ನಿಯಂತ್ರಣ ತಪ್ಪಿ ಬಿದ್ದು ಒಳಗಿದ್ದ ಇಬ್ಬರೂ ತೀರಿಕೊಂಡರು. ಹಾರುವ ಸ್ಥಿತಿಯಲ್ಲಿದ್ದ ಕೊನೆಯ ಮೊಸ್ಕಿಟೊ ಅದು. ಮತ್ತೊಂದು ಮೊಸ್ಕಿಟೊ ಏರಿದ್ದು 2012ರ ಸೆಪ್ಟೆಂಬರ್‌ನಲ್ಲಿ, ನ್ಯೂಜಿಲೆಂಡಿನ ಆರ್ಡ್‌ಮೋರ್‌ನಿಂದ. ನಡುವಿನ 16 ವರ್ಷ, ಜೋಡಿ ಮರ್ಲಿನ್ ಎಂಜಿನ್‌ಗಳು ಆ ಮರದ ಒಡಲಿನ ವಿಮಾನವನ್ನು ಹೊತ್ತು ಹಾರುವ ಸದ್ದನ್ನು ಹೊಸದಾಗಿ ಮುದ್ರಿಸಿಕೊಳ್ಳುವ ದಾರಿಯೇ ಇರಲಿಲ್ಲ.

ವಿಮಾನ ಸಿಕ್ಕರೂ ಮುದ್ರಣ ಸುಲಭವಲ್ಲ. ಯಲಹಂಕದ ಏರೋ ಇಂಡಿಯಾದಲ್ಲಿ ಜೋಡಿ ಎಂಜಿನ್ನಿನ ಸುಖೋಯ್ ಏರುವಾಗ ಎದೆಗೂಡು ಅದುರಿದವರಿಗೆ ಇದು ಗೊತ್ತು: ಅದನ್ನೇ ಮೊಬೈಲಿನಲ್ಲಿ ಹಿಡಿದು ಮನೆಗೆ ಬಂದು ಕೇಳಿದರೆ ಬರೀ ಕರಕರ. ಹಾದುಹೋಗುವ ವಿಮಾನದ ಶ್ರುತಿಯೂ ಬದಲಾಗುತ್ತದೆ. ಗಂಟೆಗೆ 540 ಕಿ.ಮೀ. ವೇಗದಲ್ಲಿ ನೇರ ಬಂದು ದಾಟಿಹೋದರೆ ಒಂದು ಸ್ಥಾಯಿಗೂ ಮೀರಿ ಕೆಳಗಿಳಿಯುತ್ತದೆ.

ಒಂದು ಎಂಜಿನ್ ಸತ್ತಾಗ

ಹಿಡಿತದ ನಿಜವಾದ ಪರೀಕ್ಷೆ ಇದು. ಟೇಕಾಫ್ ಆಗಿ ಚಕ್ರ ಒಳಸೇರುತ್ತಿರುವಾಗ ಎಡ ಎಂಜಿನ್ ನಿಂತಿತೆನ್ನಿ. ಬಲಗಡೆಯ ಪೂರ್ಣ ಶಕ್ತಿ ಮೂತಿಯನ್ನು ಎಡಕ್ಕೆ ತಳ್ಳುತ್ತದೆ. ಎಡ ರೆಕ್ಕೆಯ ಮೇಲೆ ಪ್ರೊಪೆಲ್ಲರ್‌ನ ಗಾಳಿ ಬೀಸದ್ದರಿಂದ ಆ ರೆಕ್ಕೆ ಕುಸಿಯುತ್ತದೆ. ಸತ್ತ ಎಂಜಿನ್ನಿನ ಪ್ರೊಪೆಲ್ಲರ್ ಎದುರುಗಾಳಿಗೆ ಗಿರಗಿರ ತಿರುಗುತ್ತ ಬ್ರೇಕ್ ಹಾಕಿದಂತೆ ಎಳೆಯುತ್ತದೆ. ಸುತ್ತಿನ ಮುಳ್ಳು ಮಾತ್ರ ಏನೂ ಆಗಿಲ್ಲವೆಂಬಂತೆ ನಿಂತಿರಬಹುದು. ಗವರ್ನರ್ ಅಲಗುಗಳನ್ನು ಹೊರಳಿಸಿ ವೇಗ ಕಾಯುತ್ತಲೇ ಇರುತ್ತದೆ. ಯಾವುದು ಸತ್ತಿದೆ ಎಂದು ಹೇಳುವುದು ಕಾಲು. ನೇರ ಹಾರಲು ಬಲಗಾಲು ರಡ್ಡರ್ ಪೆಡಲನ್ನು ತುಳಿಯುತ್ತಿದ್ದರೆ, ಸುಮ್ಮನಿರುವ ಎಡಗಾಲಿನ ಕಡೆಯ ಎಂಜಿನ್ ಸತ್ತಿದೆ.

ವೇಗ ಸಾಲದಿದ್ದರೆ ರಡ್ಡರ್ ಪೂರ್ತಿ ತುಳಿದರೂ ವಿಮಾನ ನೇರವಾಗದು. ಗಾಬರಿಯಲ್ಲಿ ಉಳಿದ ಎಂಜಿನ್ನಿಗೆ ಇನ್ನಷ್ಟು ಶಕ್ತಿ ಕೊಟ್ಟವರ ಲೈಟ್ನಿಂಗ್‌ಗಳು ಮಗುಚಿ ನೆಲಕ್ಕೆ ಬಿದ್ದವು. ಕಲಿಸಿದ ಕ್ರಮ ಮನಸ್ಸಿಗೆ ವಿರುದ್ಧವಾದದ್ದು: ಮೊದಲು ಬದುಕಿರುವ ಎಂಜಿನ್ನಿನ ಶಕ್ತಿ ಇಳಿಸು, ರಡ್ಡರ್‌ನಿಂದ ನೇರ ಮಾಡು, ಆಮೇಲೆ ಮೆಲ್ಲಗೆ ಶಕ್ತಿ ಏರಿಸು, ಸತ್ತದ್ದರ ಅಲಗುಗಳನ್ನು ಗಾಳಿಗೆ ಅಂಚು ಮಾಡಿ ನಿಲ್ಲಿಸು. ಲಾಕ್‌ಹೀಡ್‌ನ ಪರೀಕ್ಷಾ ಪೈಲಟ್ ಟೋನಿ ಲೆವಿಯರ್ 1944ರಲ್ಲಿ ಇಂಗ್ಲೆಂಡಿಗೆ ಹೋಗಿ, ಒಂದೇ ಎಂಜಿನ್ನಿನಲ್ಲಿ ಹಾರಿ ತೋರಿಸಿ ಪೈಲಟ್‌ಗಳಿಗೆ ಧೈರ್ಯ ತುಂಬಿದರು.

ಎರಡೂ ವಿಮಾನಗಳ ಸ್ವಭಾವ ಒಂದೇ ಅಲ್ಲ. ಮೊಸ್ಕಿಟೊದ ಎರಡೂ ಪ್ರೊಪೆಲ್ಲರ್ ಒಂದೇ ದಿಕ್ಕಿಗೆ ತಿರುಗುವುದರಿಂದ ರನ್‌ವೇ ಮೇಲೆಯೇ ಮೂತಿ ಎಡಕ್ಕೆ ಎಳೆಯುತ್ತದೆ. ಎಡ ಥ್ರಾಟಲನ್ನು ತುಸು ಮುಂದಿಟ್ಟು ಓಡಿಸಬೇಕು. ಎಡ ಎಂಜಿನ್ ಸತ್ತರೆ ಬಲದ್ದು ಸತ್ತದ್ದಕ್ಕಿಂತ ಹೆಚ್ಚು ಅಪಾಯ. ಲೈಟ್ನಿಂಗ್‌ನ ಪ್ರೊಪೆಲ್ಲರ್‌ಗಳು ಒಂದಕ್ಕೊಂದು ಎದುರು ತಿರುಗುತ್ತವೆ, ಆದ್ದರಿಂದ ಓಟ ದಾರ ಹಿಡಿದಂತೆ ನೇರ. ಆದರೆ ಇಳಿಯುವ ಅಲಗು ಎರಡು ಕಡೆಯೂ ಹೊರಬದಿಗೆ ಇರುವುದರಿಂದ, ಯಾವ ಎಂಜಿನ್ ಸತ್ತರೂ ಕಷ್ಟ ಒಂದೇ. 2021ರಲ್ಲಿ ಡಿಸಿಎಸ್‌ಗೆ ಬಂದ ಮೊಸ್ಕಿಟೊವನ್ನೂ ಐಎಲ್-2 ಸರಣಿಯ ಪಿ-38ನ್ನೂ ಒಂದಾದಮೇಲೊಂದು ಓಡಿಸಿದರೆ ಈ ವ್ಯತ್ಯಾಸ ಕಾಣಲೇಬೇಕು.

ಎಂಜಿನ್ನುಗಳ ಭಾರ ರೆಕ್ಕೆಯ ಮೇಲಿರುವುದರಿಂದ ವಿಮಾನ ಬದಿಗೆ ಹೊರಳಲು ಮೊದಲು ತಡವರಿಸುತ್ತದೆ, ಹೊರಳತೊಡಗಿದ ಮೇಲೆ ನಿಲ್ಲಿಸುವುದೂ ತಡ. ಪಿ-38ಜೆ-25ರಲ್ಲಿ ಹೊರಳಿಸಲು ಹೈಡ್ರಾಲಿಕ್ ನೆರವು ಸೇರಿಸಿದ್ದು ಇದಕ್ಕಾಗಿ.

ಜೆಟ್‌ಗಳ ಮಾತು

ಜರ್ಮನಿಯ ಮೆಸ್ಸರ್‌ಸ್ಮಿಟ್ 262ರ ಯೂಮೊ 004 ಎಂಜಿನ್ನಿನ ಮೂತಿಯೊಳಗೆ ಪುಟ್ಟ ಟೂ-ಸ್ಟ್ರೋಕ್ ಮೋಟಾರು ಅಡಗಿದೆ. ಜೆಟ್ ಏಳುವ ಮೊದಲು ಕೇಳಬೇಕಾದದ್ದು ಇದರ ಸದ್ದು. ಮೈಸೂರಿನಲ್ಲಿ ತಯಾರಾಗುತ್ತಿದ್ದ ಜಾವಾ ಬೈಕು ಕಂಡವರಿಗೆ ಆ ಜಾತಿಯ ಸದ್ದು ಹೊಸದಲ್ಲ. ಈ ಜೆಟ್ಟಿನ ಥ್ರಾಟಲ್ ಅವಸರದಲ್ಲಿ ಒತ್ತಿದರೆ ಎಂಜಿನ್ ಆರಿಹೋಗಬಹುದು, ಇಲ್ಲವೇ ಬೆಂಕಿ ಹೊತ್ತಬಹುದು.

ಎಂಜಿನ್‌ಗಳು ಒಡಲೊಳಗೇ ಒತ್ತಟ್ಟಿಗಿದ್ದರೆ, ಒಂದು ಸತ್ತಾಗ ಬದಿಗೆಳೆಯುವ ಸೆಳೆತ ಕಡಿಮೆ. ವಿಮಾನ ವಿನ್ಯಾಸಕ ಕುರ್ಟ್ ಟ್ಯಾಂಕ್ ನೇತೃತ್ವದಲ್ಲಿ ಬೆಂಗಳೂರಿನ ಎಚ್‌ಎಎಲ್ ರೂಪಿಸಿ, 1961ರ ಜೂನ್ 17ರಂದು ಮೊದಲು ಹಾರಿಸಿದ ಮಾರುತ್ ಅಂಥದ್ದು. ಅದರ ಎರಡು ಆರ್ಫಿಯಸ್ ಎಂಜಿನ್‌ಗಳು ಅಕ್ಕಪಕ್ಕದಲ್ಲಿವೆ. 1971ರ ಯುದ್ಧದಲ್ಲಿ ಒಂದನ್ನು ಕಳೆದುಕೊಂಡೂ ಮಾರುತ್‌ಗಳು ನೆಲೆಗೆ ಮರಳಿದವು.

ಮನೆಯಲ್ಲಿ ಕೇಳುವುದು ಹೇಗೆ

ಲ್ಯಾಪ್‌ಟಾಪಿನ ಸ್ಪೀಕರ್ 40 ಅಥವಾ 75 ಕಂಪನದ ನಾದವನ್ನು ನುಡಿಸಲಾರದು. ಒಳ್ಳೆಯ ಹೆಡ್‌ಫೋನ್ ಬೇಕು. ಕುರ್ಚಿಗೆ ಬಿಗಿಯುವ ಕಂಪನಯಂತ್ರ ಇದ್ದರೆ ಇನ್ನೂ ಚೆನ್ನ. ಕೈಯಲ್ಲಿ ತಿರುಚುವ ರಡ್ಡರ್‌ಗಿಂತ ಪೆಡಲುಗಳು ಲೇಸು.

ಹೊಸ ಸಿಮ್ಯುಲೇಟರ್ ಕೈಗೆ ಬಂದ ದಿನ ಗುಂಡು ಹಾರಿಸುವ ಮೊದಲು ಹೀಗೆ ಮಾಡಿ ನೋಡಿ. ಸಾಕಷ್ಟು ಎತ್ತರಕ್ಕೆ ಏರಿ, ಎರಡೂ ಎಂಜಿನ್ 2300 ಸುತ್ತಿನಲ್ಲಿ ಇರಿಸಿ. ಒಂದರ ಪ್ರೊಪೆಲ್ಲರ್ ಸನ್ನೆಯನ್ನು ಕೂದಲೆಳೆಯಷ್ಟು ಹಿಂದೆಳೆದು ಕಣ್ಣು ಮುಚ್ಚಿ. ಮಿಡಿತ ಕೇಳಿಸಿದರೆ, ಆ ವಿಮಾನಕ್ಕೆ ನಿಜವಾಗಿಯೂ ಎರಡು ಎಂಜಿನ್ ಇವೆ.