ಪಹಣಿಯ ಸರದಿ: ಗುಲ್ಬರ್ಗಾ ಪ್ರಾಂತದ ಭೂದಾಖಲೆಗಳನ್ನು ಕುರಿತು ಒಂದು ವಿವೇಚನೆ

ಭೂಮಿಯ ಒಡೆತನದಷ್ಟೇ, ಆ ಒಡೆತನದ ಪತ್ರವನ್ನು ಪಡೆಯಲು ರೈತನು ಕಾಯ್ದ ಕಾಲವೂ ಇತಿಹಾಸದ ವಿಷಯವೆಂದು ನಾವು ಭಾವಿಸುತ್ತೇವೆ. ಈ ಕಾಯುವಿಕೆಯ ಸ್ಥಾನವು ಹೇಗೆ ಬದಲಾಯಿತೆಂಬುದನ್ನು ಪರಿಶೀಲಿಸುವುದೇ ಪ್ರಕೃತ ಲೇಖನದ ಉದ್ದೇಶ.

ಆಳಂದ ತಾಲ್ಲೂಕಿನ ಹಿರೋಳ್ಳಿಯಂತಹ ಗಡಿಗ್ರಾಮಗಳಲ್ಲಿ ನಿಜಾಮರ ಕಾಲದ ದಾಖಲೆಯು ಪಟವಾರಿಯ ಕೈಯಲ್ಲಿದ್ದಿತು. 1956ರಲ್ಲಿ ಈ ಪ್ರಾಂತವು ಮೈಸೂರು ರಾಜ್ಯವನ್ನು ಸೇರಿದ ತರುವಾಯ ಆ ಹೊಣೆಯು ಕ್ರಮೇಣ ಗ್ರಾಮಲೆಕ್ಕಿಗನದಾಯಿತು. ಹೆಸರು ಬದಲಾದರೂ ದ್ವಾರವು ಒಂದೇ ಆಗಿ ಉಳಿಯಿತು. ಲೆಕ್ಕಿಗನು ಊರಲ್ಲಿಲ್ಲದ ದಿನ ಪಹಣಿಯೂ ಇಲ್ಲ, ಪಹಣಿಯಿಲ್ಲದೆ ಬೆಳೆಸಾಲವೂ ಇಲ್ಲ.

ಕರ್ನಾಟಕದಲ್ಲಿ ಭೂದಾಖಲೆಗಳ ಸಂಪೂರ್ಣ ಗಣಕೀಕರಣದ ಮೊದಲ ಪ್ರಯೋಗವು 1991ರಲ್ಲಿ ಇದೇ ಗುಲ್ಬರ್ಗಾ ಜಿಲ್ಲೆಯಲ್ಲಿ ಆರಂಭವಾಯಿತೆಂಬುದು ಗಮನಾರ್ಹ. ಆದರೆ ಖಾತೆ ಬದಲಾವಣೆಯನ್ನು ಆಗಿಂದಾಗ ದಾಖಲಿಸುವ ಏರ್ಪಾಡಿಲ್ಲದೆ ಇಂತಹ ಆರಂಭದ ಯತ್ನಗಳು ಫಲಿಸಲಿಲ್ಲ. ಮುಂದೆ ಬಂದ 'ಭೂಮಿ' ಯೋಜನೆಯು ಸುಮಾರು 67 ಲಕ್ಷ ಭೂಮಾಲೀಕರ 2 ಕೋಟಿ ದಾಖಲೆಗಳನ್ನು ಗಣಕಕ್ಕೆ ಏರಿಸಿತು. 15 ರೂಪಾಯಿಗೆ ತಾಲ್ಲೂಕು ಕೇಂದ್ರದಲ್ಲಿ ಪಹಣಿ ದೊರೆಯತೊಡಗಿತು. ಖಾತೆ ಬದಲಾವಣೆಯ ಅರ್ಜಿಗಳನ್ನು ಬಂದ ಸರದಿಯಲ್ಲೇ ವಿಲೇ ಮಾಡಬೇಕೆಂಬ ನಿಯಮವೂ ಬಂದಿತು. ಇಂದು ಪಹಣಿಯು ಅಂತರ್ಜಾಲದಲ್ಲಿಯೂ ಲಭ್ಯ.

ಇದರಿಂದ ಸರದಿಯು ಅಳಿಯಿತೆನ್ನುವಂತಿಲ್ಲ. ಅದು ಕಣ್ಣಿಗೆ ಕಾಣದ ಎಡೆಗೆ ಸರಿಯಿತು. ಅಂತರ್ಜಾಲದ ಯಾವುದೇ ಸೇವೆಯಲ್ಲಿ ಕೋರಿಕೆಯು ಡೇಟಾಬೇಸನ್ನು ತಲಪಲು ಒಂದು ಸಂಪರ್ಕ ಬೇಕು. ಪ್ರತಿಸಲವೂ ಹೊಸದನ್ನು ತೆರೆಯುವುದು ದುಬಾರಿಯಾದುದರಿಂದ ಕೆಲವನ್ನು ತೆರೆದಿಟ್ಟು ಹಂಚುತ್ತಾರೆ; ಇದಕ್ಕೆ ಕನೆಕ್ಷನ್ ಪೂಲ್ ಎಂದು ಹೆಸರು. 20 ಸಂಪರ್ಕಗಳಿದ್ದು, ಪ್ರತಿ ಕೋರಿಕೆಯೂ ಒಂದನ್ನು ಸೆಕೆಂಡಿನ ಐದನೆಯ ಒಂದು ಭಾಗ ಹಿಡಿದರೆ, ಸೆಕೆಂಡಿಗೆ 100 ಕೋರಿಕೆಗಳು ಸಾಗುತ್ತವೆ. 120 ಬಂದರೆ ಸರದಿಯು ಸೆಕೆಂಡಿಗೆ 20ರಂತೆ ಬೆಳೆಯುತ್ತದೆ. ದೂರವಾಣಿಯ ಮಾರ್ಗಗಳನ್ನು ಕುರಿತು ಡೆನ್ಮಾರ್ಕಿನ ಅಗ್ನರ್ ಕ್ರಾರಪ್ ಎರ್ಲಾಂಗ್ 1909ರಲ್ಲಿ ಆರಂಭಿಸಿದ ಗಣಿತವು ಇಲ್ಲಿಯೂ ಅನ್ವಯಿಸುತ್ತದೆ.

ಇಂತಹ ಸಂದರ್ಭದಲ್ಲಿ ಸಂಪರ್ಕಗಳ ಸಂಖ್ಯೆಯನ್ನು ಹೆಚ್ಚಿಸುವುದೇ ಪರಿಹಾರವೆಂದು ತೋರುವುದು ಸಹಜ. ಆದರೆ ಡಿಸ್ಕು, ಪ್ರೊಸೆಸರುಗಳು ಮೊದಲೇ ದಣಿದಿದ್ದರೆ ಹೊಸ ಸಂಪರ್ಕಗಳು ಪರಸ್ಪರ ಸ್ಪರ್ಧಿಸಿ ಎಲ್ಲವನ್ನೂ ನಿಧಾನಗೊಳಿಸುತ್ತವೆ. ಆದುದರಿಂದ ಸಂಪರ್ಕಕ್ಕಾಗಿ ಕಾಯ್ದ ಕಾಲವನ್ನೂ ಶೋಧನೆ ನಡೆದ ಕಾಲವನ್ನೂ ಪ್ರತ್ಯೇಕವಾಗಿ ಅಳೆಯಬೇಕು. ಶೋಧನೆಯೇ ದೀರ್ಘವಾಗಿದ್ದರೆ ಇಂಡೆಕ್ಸ್ ಇಲ್ಲದಿರಬಹುದು: ಸರ್ವೆ ನಂಬರಿನ ಅನುಕ್ರಮಣಿಕೆಯಿಲ್ಲದ ದಫ್ತರದಲ್ಲಿ ಗುಮಾಸ್ತನು ಹಾಳೆ ಹಾಳೆ ಮಗುಚಬೇಕಾದಂತೆ. ಶೋಧನೆಯು ಶೀಘ್ರವಾಗಿದ್ದೂ ಸಂಪರ್ಕವು ಸಿಗದಿದ್ದರೆ, ಕೆಲಸ ಮುಗಿದ ಮೇಲೂ ಅದನ್ನು ಹಿಂದಿರುಗಿಸದಿರುವ ದೋಷವನ್ನು ಮೊದಲು ಹುಡುಕತಕ್ಕದ್ದು.

ಪಟವಾರಿಯ ಕಾಲದಲ್ಲಿ ವಿಳಂಬಕ್ಕೆ ಕಾರಣನು ಯಾರೆಂಬುದು ಊರಿಗೆಲ್ಲ ತಿಳಿದಿತ್ತು. ಇಂದು 'ಸರ್ವರ್ ಇಲ್ಲ' ಎಂಬ ಒಂದೇ ಮಾತು ಎಲ್ಲ ಕಾರಣಗಳನ್ನೂ ಮರೆಸುತ್ತದೆ. ದಿನದ ಕೂಲಿಯನ್ನು ಬಿಟ್ಟು ಬಂದ ರೈತನಿಗೆ ಎರಡೂ ಕಾಲಗಳ ನಷ್ಟ ಒಂದೇ. ಸರದಿಯು ಎಲ್ಲಿ ನಿಂತಿದೆಯೆಂಬುದನ್ನು ಅಳೆದು ಹೇಳುವುದು ಯಂತ್ರಜ್ಞನ ಕೆಲಸವೆಂದೆನಿಸಿದರೂ, ಆಡಳಿತದ ಹೊಣೆಯೂ ಹೌದೆಂಬುದು ನಮ್ಮ ಅಭಿಪ್ರಾಯ.